ಸಂಗೀತ ಅಚ್ಚಿನ ತಂತ್ರಾಂಶಕ್ಕೆ ಕನ್ನಡ ಕೈಪಿಡಿ: ಜೋಡಿಸುವುದು ಹೇಗೆ?

ಕಲಬುರಗಿ, ಬೀದರ್, ಯಾದಗಿರಿ ಕಡೆ ಹಾಡಿಗೆ ಬರವಿಲ್ಲ. ಊರೂರಿಗೆ ಭಜನೆ ಮಂಡಳಿಗಳಿವೆ. ಏಕತಾರಿ ಹಿಡಿದು ತತ್ವಪದ ಹಾಡುವವರಿದ್ದಾರೆ. ಮೊಹರಂ ಪದಗಳಿವೆ. ಬೀದರ್‌ನ ಮೆಥಡಿಸ್ಟ್ ಚರ್ಚುಗಳಲ್ಲಿ ಕ್ವಾಯರ್ ಇದೆ, ನಾನಕ್ ಝೀರಾ ಗುರುದ್ವಾರದಲ್ಲಿ ಕೀರ್ತನೆ ಇದೆ. ಆದರೆ ಈ ಧಾಟಿಗಳಲ್ಲಿ ಬಹಳಷ್ಟು ಕಾಗದದ ಮೇಲೆ ಇಲ್ಲ. ಹಾಡುವವರ ನೆನಪಿನಲ್ಲಿ ಮಾತ್ರ ಇವೆ. ಪದದ ಸಾಹಿತ್ಯ ಪುಸ್ತಕವಾಗಿ ಸಿಕ್ಕರೂ ಅದರ ಧಾಟಿ ಸಿಗುವುದಿಲ್ಲ.

ಬರೆದಿಡುವ ಸಾಧನಗಳಿಗೆ ಕೊರತೆಯಿಲ್ಲ. ಲಿಲಿಪಾಂಡ್ ಇದೆ, ಮ್ಯೂಸ್‌ಸ್ಕೋರ್ ಇದೆ. ಎರಡೂ ಮುಕ್ತ ತಂತ್ರಾಂಶಗಳು, ದುಡ್ಡು ಕೊಡಬೇಕಿಲ್ಲ. ಲಿಲಿಪಾಂಡ್ 1996ರಿಂದ ಬೆಳೆದು ಬಂದಿರುವ, ಗ್ನೂ ಎಂಬ ಮುಕ್ತ ತಂತ್ರಾಂಶ ಚಳವಳಿಯ ಯೋಜನೆ. ಅದರಲ್ಲಿ ಸ್ವರಗಳನ್ನು ಅಕ್ಷರಗಳಲ್ಲಿ ಟೈಪ್ ಮಾಡುತ್ತೀರಿ, ಅದು ಅಚ್ಚುಕಟ್ಟಾದ ಪಿಡಿಎಫ್ ಕೊಡುತ್ತದೆ. ಮ್ಯೂಸ್‌ಸ್ಕೋರ್‌ನಲ್ಲಿ ತೆರೆಯ ಮೇಲೆಯೇ ಸ್ವರ ಕೂರಿಸುತ್ತೀರಿ. ನಮ್ಮವರಿಗೆ ಇಲ್ಲದ್ದು ಒಂದೇ: ತಮಗೆ ಗೊತ್ತಿರುವ ಕಡೆಯಿಂದ ಶುರುವಾಗುವ ಕೈಪಿಡಿ. ಪೇಟಿ (ಹಾರ್ಮೋನಿಯಂ) ಮಾಸ್ತರರಿಗೆ ಕೋಮಲ ಗಾಂಧಾರ ಗೊತ್ತು, ಕೈಪಿಡಿ ಅದನ್ನೇ ಇ ಫ್ಲಾಟ್ ಅನ್ನುತ್ತದೆ. ಅಲ್ಲಿಗೆ ಅವರು ಮುಚ್ಚಿಟ್ಟುಬಿಡುತ್ತಾರೆ.

ಇಂಥ ಕೈಪಿಡಿಯನ್ನು ಒಂದು ಸಣ್ಣ ಗುಂಪು ಮಾಡಬಹುದು. ಸಂಗೀತ ಬಲ್ಲವರೊಬ್ಬರು, ಕಂಪ್ಯೂಟರ್ ಬಲ್ಲವರೊಬ್ಬರು, ಕನ್ನಡ ಚೆನ್ನಾಗಿ ಬರೆಯುವವರೊಬ್ಬರು ಇದ್ದರೆ ಸಾಕು. ಬರೆಯುವುದಕ್ಕಿಂತ ಜೋಡಿಸುವುದು ಕಷ್ಟ. ಯಾವುದು ಮೊದಲು, ಯಾವುದು ಎಲ್ಲಿ, ಯಾವುದು ಬೇಡ ಅನ್ನುವುದನ್ನು ತೀರ್ಮಾನಿಸುವ ಕೆಲಸ ಅದು. ಅದಕ್ಕಾಗಿ ಈ ಹೆಜ್ಜೆಗಳು.

ಹೆಜ್ಜೆ 1: ಓದುವವರು ಯಾರು ಅಂತ ಬರೆದಿಡಿ

ನಮ್ಮ ಕಡೆ ಮೂರು ಬಗೆಯ ಓದುಗರು ಸಿಗುತ್ತಾರೆ. ಒಬ್ಬರು ಸಂಗೀತ ಕಲಿಸುವವರು. ಸರಿಗಮ ಬಾಯಲ್ಲಿದೆ, ತಾಳ ಕೈಯಲ್ಲಿದೆ, ಐದು ಗೆರೆಯ ಸ್ಟಾಫ್ ಹೊಸದು. ಇನ್ನೊಬ್ಬರು ಕ್ವಾಯರ್ ನಡೆಸುವವರು. ಅವರಿಗೆ ಸ್ಟಾಫ್ ಓದಲು ಬರುತ್ತದೆ, ಕನ್ನಡ ಸಾಹಿತ್ಯವನ್ನು ಅದರ ಕೆಳಗೆ ಕೂರಿಸುವುದು ಹೇಗೆ ಎಂಬುದೇ ಪ್ರಶ್ನೆ. ಮೂರನೆಯವರು ಡಿಟಿಪಿ ಅಂಗಡಿಯವರು. ನುಡಿ ತಂತ್ರಾಂಶದಲ್ಲಿ ಪಟಪಟ ಟೈಪ್ ಮಾಡುತ್ತಾರೆ, ಪುಟ ಕಟ್ಟುತ್ತಾರೆ, ಆದರೆ ಸಂಗೀತದ ಗುರುತು ತಪ್ಪಿದರೆ ಗೊತ್ತಾಗುವುದಿಲ್ಲ.

ಮೂವರಿಗೂ ಒಂದೇ ಸಲ ಬರೆಯಲು ಹೋಗಬೇಡಿ. ಒಬ್ಬರನ್ನು ಆರಿಸಿ. ನನ್ನ ಆಯ್ಕೆ ಸಂಗೀತ ಕಲಿಸುವವರು, ಯಾಕೆಂದರೆ ಧಾಟಿ ಇರುವುದು ಅವರ ಹತ್ತಿರ. ಉಳಿದ ಇಬ್ಬರಿಗೆ ಬೇರೆ ಬಾಗಿಲು ಇಡಬಹುದು: ಮೊದಲ ಪುಟದಲ್ಲೇ ‘ನಿಮಗೆ ಸ್ಟಾಫ್ ಓದಲು ಬರುತ್ತದೆಯೇ? ಹಾಗಾದರೆ ಇಲ್ಲಿಂದ ಶುರು ಮಾಡಿ’ ಎಂಬ ಒಂದು ಸಾಲು.

ಆಮೇಲೆ ಪ್ರಶ್ನೆ ಕೂಡಿಸಿ. ತಂತ್ರಾಂಶದ ಮೆನು ನೋಡಿ ಅಧ್ಯಾಯಗಳ ಪಟ್ಟಿ ಮಾಡುವುದು ಸುಲಭ, ಆದರೆ ಆ ಪಟ್ಟಿ ಯಾರಿಗೂ ದಾರಿ ತೋರಿಸುವುದಿಲ್ಲ. ಬದಲಿಗೆ ನಾಲ್ಕಾರು ಮಾಸ್ತರರ ಹತ್ತಿರ ಕೂತು, ಅವರು ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ:

‘ಸರ, ಕೋಮಲ ಗ ಹ್ಯಾಂಗ ಹಾಕಬೇಕ್ರಿ?’
‘ಕಾಳಿ ಎರಡಕ್ಕ ಬರೆದದ್ದು ಕಾಳಿ ಒಂದಕ್ಕ ಬೇಕು, ಎಲ್ಲಾ ಮತ್ತ ಬರೀಬೇಕೇನ್ರಿ?’
‘ಹಾಡು ಒಂಬತ್ತನೇ ಮಾತ್ರಾದಿಂದ ಎತ್ತಿಗೋತೀವಿ, ಅದನ್ನ ಹ್ಯಾಂಗ ತೋರ್ಸೋದು?’
‘ಸಾಹಿತ್ಯ ಸ್ವರದ ಕೆಳಗ ಕೂಡವಲ್ದು.’

(ಕಾಳಿ ಒಂದು, ಕಾಳಿ ಎರಡು ಅಂದರೆ ಪೇಟಿಯ ಮೊದಲ, ಎರಡನೇ ಕರಿ ಕೀಲಿ.) ಈ ಸಾಲುಗಳನ್ನು ತಿದ್ದಬೇಡಿ. ಅಧ್ಯಾಯದ ಹೆಸರು ಶಿಷ್ಟ ಕನ್ನಡದಲ್ಲಿ ಇರಲಿ, ಆದರೆ ಒಳಗೆ ಏನಿರಬೇಕು ಅಂತ ಹೇಳುವುದು ಈ ಪ್ರಶ್ನೆಗಳೇ. ಇವು ಮುಂದೆ ಸೂಚಿ (ಯಾವ ಪದ ಯಾವ ಪುಟದಲ್ಲಿದೆ ಎಂಬ ಪಟ್ಟಿ) ಮಾಡುವಾಗಲೂ ಬೇಕಾಗುತ್ತವೆ.

ಹೆಜ್ಜೆ 2: ನಾಲ್ಕು ಬಗೆಯ ಬರಹವನ್ನು ಬೇರೆ ಬೇರೆ ಇಡಿ

ಓದುಗರು ಕೈಪಿಡಿ ತೆರೆಯುವುದು ನಾಲ್ಕು ಕಾರಣಕ್ಕೆ. ಕಲಿಯಲು, ಒಂದು ಕೆಲಸ ಮುಗಿಸಲು, ಮರೆತದ್ದನ್ನು ಹುಡುಕಲು, ಅಥವಾ ಹೀಗ್ಯಾಕೆ ಅಂತ ತಿಳಿಯಲು. ಡಾನಿಯೆಲೆ ಪ್ರೊಚಿಡಾ ಎಂಬುವವರು ಈ ವಿಂಗಡಣೆಗೆ ಡಯಾಟಾಕ್ಸಿಸ್ ಎಂದು ಹೆಸರಿಟ್ಟಿದ್ದಾರೆ. ತಂತ್ರಾಂಶ ಕೈಪಿಡಿ ಬರೆಯುವವರಲ್ಲಿ ಅದು ಈಗ ಚೆನ್ನಾಗಿ ಬಳಕೆಯಲ್ಲಿದೆ.

ಲಿಲಿಪಾಂಡ್‌ನವರ ಸ್ವಂತ ಕೈಪಿಡಿಗಳನ್ನು ನೋಡಿದರೆ ಇದರ ಉಪಯೋಗ ಕಾಣುತ್ತದೆ. ಹೊಸಬರಿಗೆ ಲರ್ನಿಂಗ್ ಮ್ಯಾನ್ಯುಅಲ್ ಬೇರೆ. ಪ್ರತಿ ಗುರುತಿನ ವಿವರಕ್ಕೆ ನೊಟೇಶನ್ ರೆಫರೆನ್ಸ್ ಬೇರೆ. ತಂತ್ರಾಂಶವನ್ನು ಓಡಿಸುವ ವಿಷಯಕ್ಕೆ ಯೂಸೇಜ್ ಬೇರೆ. ಪದಕೋಶ ಬೇರೆ, ಚಿಕ್ಕ ಚಿಕ್ಕ ಉದಾಹರಣೆಗಳ ಸಂಗ್ರಹ ಬೇರೆ. ಸುಂದರವಾದ ಅಚ್ಚು ಅಂದರೆ ಏನು ಅಂತ ಚರ್ಚಿಸುವ ಪ್ರಬಂಧವೂ ಬೇರೆಯೇ ಇದೆ. ಹೀಗಾಗಿ ಮೊದಲ ದಿನ ಬಂದವರ ಮುಂದೆ ಎಲ್ಲವೂ ಒಟ್ಟಿಗೆ ಬಂದು ಬೀಳುವುದಿಲ್ಲ.

ನೀವು ಅಷ್ಟು ಪುಸ್ತಕ ಮಾಡಬೇಕಿಲ್ಲ. ನಾಲ್ಕು ಭಾಗ ಸಾಕು: ಮೊದಲ ಪಾಠ, ಕೆಲಸದ ಪುಟಗಳು, ಪಟ್ಟಿಗಳು, ತಿಳಿವಳಿಕೆ. ಒಂದು ವಿಷಯ ಒಂದೇ ಕಡೆ ಇರಲಿ. ಸ್ವರಗಳ ಹೆಸರಿನ ಪಟ್ಟಿಯನ್ನು ಪಾಠದಲ್ಲೂ ಕೊಟ್ಟು ಹಿಂದಿನ ಪುಟದಲ್ಲೂ ಕೊಟ್ಟರೆ, ತಿದ್ದುವಾಗ ಒಂದು ಉಳಿದುಹೋಗುತ್ತದೆ. ಬೇಕಾದ ಕಡೆಯಿಂದ ಅಲ್ಲಿಗೆ ಕೊಂಡಿ ಕೊಡಿ.

ಹೆಜ್ಜೆ 3: ಮೊದಲ ಪಾಠ ಒಂದೇ ಸಲ ಕೂತಾಗ ಮುಗಿಯಬೇಕು

ಪಾಠದ ಕೊನೆಗೆ ಓದುಗರ ಕೈಯಲ್ಲಿ ಒಂದು ಪುಟದ ಪಿಡಿಎಫ್ ಇರಬೇಕು. ಅದರಲ್ಲಿ ಹಾಡಿನ ಹೆಸರು, ನಾಲ್ಕು ಸಾಲಿನ ಧಾಟಿ, ಕೆಳಗೆ ಕನ್ನಡ ಸಾಹಿತ್ಯ. ಅಷ್ಟೇ. ಕೆಹರವಾದ 8 ಮಾತ್ರೆಯಲ್ಲಿ ಕೂರುವ, ಬರೀ ಶುದ್ಧ ಸ್ವರದ ಒಂದು ಧಾಟಿ ಆರಿಸಿ. ಕೋಮಲ, ತೀವ್ರ, ಮೀಂಡ್, ತಾನ್ ಯಾವುದೂ ಬೇಡ.

ಪಾಠದ ನಡುವೆ ಆಯ್ಕೆ ಕೊಡಬೇಡಿ. ‘ಹೀಗೂ ಮಾಡಬಹುದು, ಹಾಗೂ ಮಾಡಬಹುದು’ ಅಂದರೆ ಹೊಸಬರು ಅಲ್ಲೇ ನಿಲ್ಲುತ್ತಾರೆ. ಒಂದೇ ದಾರಿ, ಪ್ರತಿ ಹೆಜ್ಜೆಯ ನಂತರ ತೆರೆಯ ಮೇಲೆ ಏನು ಕಾಣಬೇಕು ಅಂತ ಒಂದು ಸಾಲು. ಕಾಣದಿದ್ದರೆ ಏನು ನೋಡಬೇಕು ಅಂತ ಇನ್ನೊಂದು ಸಾಲು. ಸಾ ಅನ್ನು ಸಿ ಸ್ವರಕ್ಕೆ ಇಟ್ಟಿದ್ದೇವೆ ಎಂಬುದನ್ನು ಮೊದಲೇ ಹೇಳಿಬಿಡಿ. ನಮ್ಮಲ್ಲಿ ಸಾ ಹಾಡುವವರ ದನಿಗೆ ತಕ್ಕಂತೆ ಇರುತ್ತದೆ, ಸ್ಟಾಫ್‌ನಲ್ಲಿ ಒಂದು ಜಾಗ ಗೊತ್ತು ಮಾಡಲೇಬೇಕು. ಇಷ್ಟು ಹೇಳಿದರೆ ಮಾಸ್ತರರಿಗೆ ಅರ್ಧ ಗೊಂದಲ ತೀರುತ್ತದೆ.

ಹೆಜ್ಜೆ 4: ಕೆಲಸದ ಪುಟಗಳನ್ನು ಹಾಡು ಕಟ್ಟುವ ಕ್ರಮದಲ್ಲಿ ಇಡಿ

ಇದು ಕೈಪಿಡಿಯ ದೊಡ್ಡ ಭಾಗ. ಸ್ವರ, ಲಯ, ತಾಳ, ಸಾಹಿತ್ಯ, ಪಟ್ಟಿ (ಶ್ರುತಿ) ಬದಲಾವಣೆ, ಅಚ್ಚು. ಒಬ್ಬ ಮಾಸ್ತರರು ಹಾಡನ್ನು ಕಾಗದಕ್ಕೆ ಇಳಿಸುವಾಗ ಹೋಗುವ ದಾರಿ ಇದೇ ತಾನೇ? ಮೆನುವಿನ ಕ್ರಮ ಮರೆತುಬಿಡಿ.

ಸ್ವರದ ಪುಟದಲ್ಲಿ ಹೇಳಲೇಬೇಕಾದ ಮಾತೊಂದಿದೆ. ಕೀ ಗುರುತು ಅಂದರೆ ಯಾವ ಸ್ವರಗಳು ಕೋಮಲ, ಯಾವುವು ತೀವ್ರ ಅಂತ ಸಾಲಿನ ಆರಂಭದಲ್ಲೇ ತೋರಿಸುವ ಗುರುತು. ಭೈರವಿಯ ಕೀ ಗುರುತನ್ನು ಮೊದಲಿಗೆ ಹಾಕಿದ ಮೇಲೆ ಮ್ಯೂಸ್‌ಸ್ಕೋರ್‌ನಲ್ಲಿ ಇ ಕೀಲಿ ಒತ್ತಿದರೆ ಅದು ತಾನಾಗಿ ಕೋಮಲವಾಗುತ್ತದೆ. ಲಿಲಿಪಾಂಡ್‌ನಲ್ಲಿ ಹಾಗಲ್ಲ. ಕೀ ಗುರುತು ಏನೇ ಇರಲಿ, ಪ್ರತಿ ಕೋಮಲ ಸ್ವರವನ್ನೂ ನೀವೇ ಕೋಮಲ ಅಂತ ಬರೆಯಬೇಕು. ಬರೆಯದಿದ್ದರೆ ಅದು ಶುದ್ಧ ಸ್ವರ ಅಂತ ತಿಳಿದು ನ್ಯಾಚುರಲ್ ಗುರುತು ಹಾಕುತ್ತದೆ. ಎರಡೂ ತಂತ್ರಾಂಶ ಬಳಸುವವರು ಇಲ್ಲಿ ಎಡವುತ್ತಾರೆ. ದಪ್ಪ ಅಕ್ಷರದಲ್ಲಿ ಹಾಕಿ.

ಇದರ ಜೊತೆಗೆ ಪಟ್ಟಿಗಳ ಭಾಗದಲ್ಲಿ, ರಾಗಗಳನ್ನು ಗುಂಪು ಮಾಡುವ ಸ್ವರ-ಚೌಕಟ್ಟುಗಳಾದ ಥಾಟ್‌ಗಳ ಕೋಷ್ಟಕ ಇರಲಿ. ಹಿಂದುಸ್ತಾನಿ ಸಂಗೀತಶಾಸ್ತ್ರಜ್ಞ ಭಾತ್ಖಂಡೆಯವರ ಹತ್ತು ಥಾಟ್‌ಗಳಲ್ಲಿ ಆರಕ್ಕೆ ಲಿಲಿಪಾಂಡ್‌ನಲ್ಲಿ ಸಿದ್ಧ ಹೆಸರುಗಳಿವೆ. ಬಿಲಾವಲ್ ಅಂದರೆ ಅಯೋನಿಯನ್, ಕಾಫಿ ಅಂದರೆ ಡೋರಿಯನ್, ಭೈರವಿ ಅಂದರೆ ಫ್ರಿಜಿಯನ್, ಕಲ್ಯಾಣ ಅಂದರೆ ಲಿಡಿಯನ್, ಖಮಾಜ್ ಅಂದರೆ ಮಿಕ್ಸೊಲಿಡಿಯನ್, ಆಸಾವರಿ ಅಂದರೆ ಏಯೋಲಿಯನ್. ಉಳಿದ ಭೈರವ, ಪೂರ್ವಿ, ಮಾರವಾ, ತೋಡಿ ಈ ನಾಲ್ಕಕ್ಕೆ ಸಿದ್ಧ ಹೆಸರಿಲ್ಲ. ಅವಕ್ಕೆ ಕೀ ಗುರುತನ್ನು ಕೈಯಿಂದ ಕಟ್ಟಬೇಕು, ಇಲ್ಲವೇ ಗುರುತು ಹಾಕದೆ ಸ್ವರದ ಪಕ್ಕದಲ್ಲೇ ಕೋಮಲ-ತೀವ್ರ ತೋರಿಸಬೇಕು. ಎರಡನೆಯದೇ ಓದಲು ಸುಲಭ ಅಂತ ನನ್ನ ಅನಿಸಿಕೆ. ಈ ಒಂದು ಕೋಷ್ಟಕ ಮಾಸ್ತರರಿಗೆ ಎಷ್ಟು ಧೈರ್ಯ ಕೊಡುತ್ತದೆ ಅಂದರೆ, ಅದನ್ನು ಗೋಡೆಗೆ ಅಂಟಿಸುವ ಹಾಗೆ ಒಂದು ಹಾಳೆಯಲ್ಲಿ ಬೇರೆಯಾಗಿಯೂ ಅಚ್ಚು ಹಾಕಿಸಬೇಕು.

ಸ್ವರಲಿಪಿಯ ಪದ್ಧತಿ ಯಾವುದು ಅಂತಲೂ ಇಲ್ಲೇ ಹೇಳಿ. ಭಾತ್ಖಂಡೆ ಪದ್ಧತಿಯಲ್ಲಿ ಸ್ವರದ ಮೇಲೆ ಚುಕ್ಕೆ ಇದ್ದರೆ ತಾರ ಸಪ್ತಕ, ಕೆಳಗೆ ಚುಕ್ಕೆ ಇದ್ದರೆ ಮಂದ್ರ. ಕೆಳಗೆ ಅಡ್ಡಗೆರೆ ಇದ್ದರೆ ಕೋಮಲ, ಮ ಮೇಲೆ ನಿಂತ ಗೆರೆ ಇದ್ದರೆ ತೀವ್ರ. ಪಲುಸ್ಕರ್ ಪದ್ಧತಿಯಲ್ಲಿ ಮೇಲಿನ ಚುಕ್ಕೆ ಮಂದ್ರದ ಗುರುತು! ಹಳೆಯ ನೋಟ್‌ಬುಕ್ ನೋಡಿ ಬರೆಯುವವರಿಗೆ ಇದು ಗೊತ್ತಿಲ್ಲದಿದ್ದರೆ ಚುಕ್ಕೆ ಇರುವ ಸ್ವರಗಳೆಲ್ಲ ಬೇರೆ ಸಪ್ತಕಕ್ಕೆ ಹೋಗುತ್ತವೆ.

ಸ್ಟಾಫ್ ಬೇಡ, ಕನ್ನಡ ಸರಿಗಮವೇ ಅಚ್ಚಾಗಲಿ ಅನ್ನುವವರೂ ಇರುತ್ತಾರೆ. ಅವರಿಗೆ ನಿಜ ಹೇಳಿ. ಭಾತ್ಖಂಡೆ ಗುರುತುಗಳನ್ನು ಲಿಲಿಪಾಂಡ್ ತಾನಾಗಿ ಹಾಕುವುದಿಲ್ಲ. ಸ್ಟಾಫ್ ಕೆಳಗೆ ಸರಿಗಮವನ್ನು ಒಂದು ಸಾಲಿನ ಸಾಹಿತ್ಯದಂತೆ ಬರೆದು, ಅದರ ಕೆಳಗೆ ಪದವನ್ನು ಇನ್ನೊಂದು ಸಾಲಾಗಿ ಕೂರಿಸುವುದು ಸುಲಭದ ದಾರಿ. ಹಾಗೆ ಮಾಡಿದರೆ ಒಂದೇ ಪುಟವನ್ನು ಮಾಸ್ತರರೂ ಓದಬಹುದು, ಕ್ವಾಯರ್‌ನವರೂ ಓದಬಹುದು. ನಿ ಮೇಲೆ ಚುಕ್ಕೆ ಇಡುವಾಗ ಅದು ಗುಡಿಸಿಗೆ ತಾಗಿ ಮರೆಯಾಗದಂತೆ ಸ್ವಲ್ಪ ಎತ್ತರದಲ್ಲಿ ಇಡಬೇಕು. ಯಾವ ಫಾಂಟ್‌ನಲ್ಲಿ ಸರಿಯಾಗಿ ಬಂತು ಅಂತ ಪುಟದಲ್ಲೇ ಬರೆಯಿರಿ.

ತಾಳದ ಪುಟಗಳಲ್ಲಿ ತೀನ್‌ತಾಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕಾಗುತ್ತದೆ. 16 ಮಾತ್ರೆಯನ್ನು ಒಂದೇ ಒಂದು ಉದ್ದನೆಯ ಅಳತೆಯಾಗಿ (ಎರಡು ನಿಂತ ಗೆರೆಗಳ ನಡುವಿನ ಭಾಗ) ಇಡಬಹುದು, ನಾಲ್ಕು ಮಾತ್ರೆಯ ನಾಲ್ಕು ಅಳತೆಯಾಗಿಯೂ ಒಡೆಯಬಹುದು. ಒಂದೇ ಅಳತೆ ಮಾಡಿದರೆ, ಒಂಬತ್ತನೇ ಮಾತ್ರೆಯಿಂದ ಎತ್ತುವ ಹಾಡಿಗೆ ಲಿಲಿಪಾಂಡ್‌ನಲ್ಲಿ ಪಾರ್ಷಿಯಲ್ ಎಂಬ ಆಜ್ಞೆ ಬೇಕು. ಮೊದಲ ಅಳತೆ ಪೂರ್ತಿ ಅಲ್ಲ, 8 ಮಾತ್ರೆ ಮಾತ್ರ ಅಂತ ಅದು ತಿಳಿಸುತ್ತದೆ. ನಾಲ್ಕು ನಾಲ್ಕಾಗಿ ಒಡೆದರೆ ಆ ಆಜ್ಞೆ ಬೇಡ. ಆದರೆ ಸಮ್ (ಆವರ್ತದ ಮೊದಲ ಮಾತ್ರೆ) ಎಲ್ಲಿದೆ ಅಂತ ಓದುಗರಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಸಮ್ ಮೇಲೆ ಗುಣಾಕಾರದ ಗುರುತು, ಖಾಲಿ (ಚಪ್ಪಾಳೆ ಇಲ್ಲದ ಮಾತ್ರೆ) ಮೇಲೆ ಸೊನ್ನೆ ಹಾಕಲೇಬೇಕು. ಕೈಪಿಡಿ ಎರಡರಲ್ಲಿ ಒಂದನ್ನು ಆರಿಸಿ, ಎಲ್ಲ ಉದಾಹರಣೆಯಲ್ಲೂ ಅದನ್ನೇ ಬಳಸಲಿ. ನಾಲ್ಕಾಗಿ ಒಡೆಯುವುದು ಸಾಲು ಮುರಿಯಲು ಅನುಕೂಲ. ಇಡೀ ಆವರ್ತ ಒಂದೇ ಅಳತೆಯಾದರೆ ಎ4 ಹಾಳೆಯಲ್ಲಿ ಅಗಲ ಸಾಲದೇ ಹೋಗಬಹುದು.

ಸಾಹಿತ್ಯದ ಪುಟಕ್ಕೆ ಎರಡು ವಿಷಯ. ಒಂದು, ಅಕ್ಷರ ಒಡೆಯುವ ನಿಯಮ. ಲಿಲಿಪಾಂಡ್‌ನಲ್ಲಿ ಒಂದು ಪದದ ಅಕ್ಷರಗಳ ನಡುವೆ ಜಾಗ ಬಿಟ್ಟು ಎರಡು ಅಡ್ಡಗೆರೆ ಹಾಕುತ್ತೇವೆ. ಮ್ಯೂಸ್‌ಸ್ಕೋರ್‌ನಲ್ಲಿ ಕಂಟ್ರೋಲ್ ಮತ್ತು ಎಲ್ ಒಟ್ಟಿಗೆ ಒತ್ತಿ ಸಾಹಿತ್ಯ ಶುರು ಮಾಡಿ, ಅಡ್ಡಗೆರೆ ಒತ್ತಿದರೆ ಮುಂದಿನ ಸ್ವರಕ್ಕೆ ಹೋಗುತ್ತದೆ. ಆದರೆ ಕಲ್ಯಾಣ ಎಂಬ ಪದವನ್ನು ಹೇಗೆ ಒಡೆಯುವುದು? ಕ, ಲ್ಯಾ, ಣ ಅಂತಲೋ, ಕಲ್, ಯಾ, ಣ ಅಂತಲೋ? ಹಾಡುವವರ ಬಾಯಲ್ಲಿ ಎರಡನೆಯದು ಕೇಳಿಸುತ್ತದೆ, ಓದುವವರ ಕಣ್ಣಿಗೆ ಮೊದಲನೆಯದು ಒಗ್ಗುತ್ತದೆ. ಒತ್ತಕ್ಷರ ಒಡೆಯಬಾರದು ಎಂಬ ನಿಯಮವೇ ಒಳ್ಳೆಯದು. ಎರಡು, ನುಡಿ ಅಥವಾ ಬರಹದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಸಾಹಿತ್ಯವನ್ನು ನೇರ ಅಂಟಿಸಿದರೆ ಬರೀ ಕಲಸುಮೇಲೋಗರ ಬರುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ ಬದಲಿಸಬೇಕು, ಕಡತವನ್ನು ಯುಟಿಎಫ್-8 ಆಗಿ ಉಳಿಸಬೇಕು. ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಇರುವ ಹಳೆಯ ಭಜನೆ ಪುಸ್ತಕಗಳ ಕಡತಗಳಲ್ಲಿ ಬಹಳಷ್ಟು ಇದೇ ಬಗೆಯವು. ಇದಕ್ಕೆ ಬೇರೆಯೇ ಒಂದು ಪುಟ ಬೇಕು.

ಪಟ್ಟಿ (ಶ್ರುತಿ) ಬದಲಾವಣೆಯ ಪುಟ ಚಿಕ್ಕದಾಗಿರಲಿ. ಬಿಳಿ ಒಂದು ಸಿ, ಕಾಳಿ ಒಂದು ಸಿ ಶಾರ್ಪ್, ಕಾಳಿ ಎರಡು ಡಿ ಶಾರ್ಪ್, ಬಿಳಿ ನಾಲ್ಕು ಎಫ್, ಕಾಳಿ ಐದು ಎ ಶಾರ್ಪ್. ಈ ಪಟ್ಟಿ ಕೊಟ್ಟು, ಟ್ರಾನ್ಸ್‌ಪೋಸ್ ಹೇಗೆ ಮಾಡುವುದು ಅಂತ ಒಂದು ಉದಾಹರಣೆ ಕೊಟ್ಟರೆ ಮುಗಿಯಿತು.

ಹೆಜ್ಜೆ 5: ಎಲ್ಲ ಪುಟಗಳಿಗೂ ಒಂದೇ ಮೈಕಟ್ಟು

ಲಿಲಿಪಾಂಡ್‌ನ ನೊಟೇಶನ್ ರೆಫರೆನ್ಸ್ ಈ ವಿಷಯದಲ್ಲಿ ಮಾದರಿ. ಮೊದಲು ವಿವರಣೆ ಮತ್ತು ಉದಾಹರಣೆ. ನಂತರ ಸಿದ್ಧ ಆಜ್ಞೆಗಳು, ಆಯ್ದ ತುಣುಕುಗಳು, ಇದನ್ನೂ ನೋಡಿ, ಗೊತ್ತಿರುವ ತೊಂದರೆಗಳು. ಹತ್ತು ಪುಟ ಓದಿದವರಿಗೆ ಹನ್ನೊಂದನೇ ಪುಟದಲ್ಲಿ ಕಣ್ಣು ಎಲ್ಲಿ ಹಾಯಿಸಬೇಕು ಅಂತ ಗೊತ್ತಿರುತ್ತದೆ. ‘ಗೊತ್ತಿರುವ ತೊಂದರೆಗಳು’ ಎಂಬ ಭಾಗವನ್ನು ಬಿಡಬೇಡಿ. ಇದು ಆಗುವುದಿಲ್ಲ ಅಂತ ಮೊದಲೇ ಹೇಳಿದರೆ ಓದುಗರ ಒಂದು ಸಂಜೆ ಉಳಿಯುತ್ತದೆ.

ಒಂದು ಪುಟ ಹೀಗಿರಬಹುದು:

ರೂಪಕ ತಾಳ ಹಾಕುವುದು
ಯಾವಾಗ ಬೇಕು: ಹಾಡು 7 ಮಾತ್ರೆಯಲ್ಲಿ, 3+2+2 ವಿಭಾಗದಲ್ಲಿ ಇದ್ದಾಗ.
ಮಾಡುವ ಬಗೆ: ಲಿಲಿಪಾಂಡ್‌ನಲ್ಲಿ ಟೈಮ್ ಆಜ್ಞೆ ಬರೆದು, ಅದರ ಮುಂದೆ 3,2,2 ಎಂದೂ ಆಮೇಲೆ 7/4 ಎಂದೂ ಬರೆಯಿರಿ. ಒಂದು ಮಾತ್ರೆಗೆ ಕಾಲು ಸ್ವರ ಎಂದು ಲೆಕ್ಕ.
ಏನು ಕಾಣಬೇಕು: ಸಾಲಿನ ಆರಂಭದಲ್ಲಿ 7/4. ಅರ್ಧ ಮಾತ್ರೆಯ ಸ್ವರಗಳು ಇದ್ದರೆ ಅವು ವಿಭಾಗಕ್ಕೆ ತಕ್ಕಂತೆ ಗುಂಪಾಗುತ್ತವೆ.
ವಿಭಾಗದ ಗೆರೆ ಬೇಕಿದ್ದರೆ: ಮೂರನೇ ಮತ್ತು ಐದನೇ ಮಾತ್ರೆಯ ನಂತರ ಬಾರ್ ಆಜ್ಞೆಯಲ್ಲಿ ಆಶ್ಚರ್ಯ ಚಿಹ್ನೆ ಕೊಡಿ. ತುಂಡು ಗೆರೆ ಬರುತ್ತದೆ.
ನೆನಪಿಡಿ: ರೂಪಕದಲ್ಲಿ ಸಮ್ ಮೇಲೆಯೇ ಖಾಲಿ. ಮೊದಲ ಮಾತ್ರೆಗೆ ಸೊನ್ನೆ ಹಾಕಿ.
ಇದನ್ನೂ ನೋಡಿ: ಝಪ್‌ತಾಲ್, ಸಮ್ ಮತ್ತು ಖಾಲಿ ಗುರುತು.

ಇದಕ್ಕಿಂತ ಉದ್ದ ಆದರೆ ಪುಟವನ್ನು ಎರಡು ಮಾಡಿ.

ಹೆಜ್ಜೆ 6: ಉದಾಹರಣೆಗಳು ಓಡಬೇಕು

ಲಿಲಿಪಾಂಡ್‌ನ ಕೈಪಿಡಿಯಲ್ಲಿ ಕಾಣುವ ಸಂಗೀತದ ಚಿತ್ರಗಳನ್ನು ಯಾರೋ ಕತ್ತರಿಸಿ ಅಂಟಿಸಿದ್ದಲ್ಲ. ಕೈಪಿಡಿ ಕಟ್ಟುವಾಗ ಲಿಲಿಪಾಂಡ್-ಬುಕ್ ಎಂಬ ಸಾಧನ ಪ್ರತಿ ಉದಾಹರಣೆಯನ್ನೂ ಓಡಿಸಿ ಚಿತ್ರ ಮಾಡುತ್ತದೆ. ಉದಾಹರಣೆಯಲ್ಲಿ ತಪ್ಪಿದ್ದರೆ ಕಟ್ಟುವಾಗಲೇ ಸಿಕ್ಕಿಬೀಳುತ್ತದೆ. ಜಾಲದ ಪುಟದಲ್ಲಿ ಚಿತ್ರದ ಮೇಲೆ ಒತ್ತಿದರೆ ಅದರ ಮೂಲ ಬರಹವೂ ತೆರೆಯುತ್ತದೆ. ನಿಮ್ಮ ಕೈಪಿಡಿಗೂ ಇದೇ ದಾರಿ ಹಿಡಿಯಿರಿ. ಪ್ರತಿ ಉದಾಹರಣೆ ಒಂದು ಬೇರೆ ಕಡತವಾಗಿರಲಿ, ಓದುಗರು ಅದನ್ನು ಇಳಿಸಿಕೊಂಡು ತಮ್ಮ ಸ್ವರ ತುಂಬುವ ಹಾಗಿರಲಿ.

ಕಡತದ ಮೊದಲ ಸಾಲಿನಲ್ಲಿ ಆವೃತ್ತಿ ಸಂಖ್ಯೆ ಬೇಕು. ಲಿಲಿಪಾಂಡ್‌ನಲ್ಲಿ ಎರಡನೇ ಅಂಕಿ ಸರಿಸಂಖ್ಯೆ ಆಗಿದ್ದರೆ, ಉದಾಹರಣೆಗೆ 2.24, ಅದು ಸ್ಥಿರ ಆವೃತ್ತಿ. ಬೆಸಸಂಖ್ಯೆ ಇದ್ದರೆ ಇನ್ನೂ ಬೆಳೆಯುತ್ತಿರುವುದು. ಕೈಪಿಡಿ ಸ್ಥಿರ ಆವೃತ್ತಿಗೇ ಇರಲಿ. ಹಳೆಯ ಕಡತಗಳನ್ನು ಹೊಸದಕ್ಕೆ ಏರಿಸಲು ಕನ್ವರ್ಟ್-ಎಲ್‌ವೈ ಇದೆ, ಅದು ನೋಡುವುದು ಈ ಸಂಖ್ಯೆಯನ್ನೇ. ಮ್ಯೂಸ್‌ಸ್ಕೋರ್‌ಗೂ ಯಾವ ಆವೃತ್ತಿ ಅಂತ ಹೇಳಿ. 2022ರ ಡಿಸೆಂಬರ್‌ನಲ್ಲಿ ಬಂದ 4ನೇ ಆವೃತ್ತಿಯ ತೆರೆ 3ನೆಯದಕ್ಕಿಂತ ಬೇರೆ. ತೆರೆಯ ಚಿತ್ರಗಳನ್ನು ಕಡಿಮೆ ಹಾಕಿ, ಅವು ಬೇಗ ಹಳತಾಗುತ್ತವೆ.

ಉದಾಹರಣೆಗೆ ಯಾವ ಹಾಡು ಬಳಸುತ್ತೀರಿ ಎಂಬುದೂ ಮುಖ್ಯ. ನಮ್ಮ ದೇಶದಲ್ಲಿ ರಚಿಸಿದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಪದ ನೂರಾರು ವರ್ಷ ಹಳೆಯದಿದ್ದರೂ ಧಾಟಿ ಹೊಸಬರದ್ದಾಗಿರಬಹುದು. ಗುಂಪಿನವರೇ ಕಟ್ಟಿದ ನಾಲ್ಕು ಸಾಲಿನ ಧಾಟಿಗಳಾದರೆ ಚಿಂತೆಯಿಲ್ಲ.

ಹೆಜ್ಜೆ 7: ಸೂಚಿ ಮತ್ತು ಹುಡುಕಾಟ

ಬಹಳ ಜನ ಸೂಚಿಯನ್ನು ಕೊನೆಗೆ ಸುಮ್ನೆ ಅಂಟಿಸುತ್ತಾರೆ. ಕೈಪಿಡಿ ಕೆಲಸಕ್ಕೆ ಬರುವುದೋ ಇಲ್ಲವೋ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ನಮ್ಮ ಕಡೆ ಒಂದೇ ವಸ್ತುವಿಗೆ ನಾಲ್ಕು ಮಾತು. ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲವೂ ಬೆರೆತಿವೆ. ಒಬ್ಬರು ಪೇಟಿ ಅನ್ನುತ್ತಾರೆ, ಇನ್ನೊಬ್ಬರು ಹಾರ್ಮೋನಿಯಂ. ಒಬ್ಬರು ಪಟ್ಟಿ, ಇನ್ನೊಬ್ಬರು ಶ್ರುತಿ, ಮತ್ತೊಬ್ಬರು ಸ್ಕೇಲ್. ಸುರ್, ಸ್ವರ, ನೋಟ್ ಮೂರೂ ಕಿವಿಗೆ ಬೀಳುತ್ತವೆ. ಸೂಚಿಯಲ್ಲಿ ಎಲ್ಲವೂ ಇರಲಿ, ಎಲ್ಲವೂ ಒಂದೇ ಪುಟಕ್ಕೆ ಕರೆದೊಯ್ಯಲಿ. ಪುಟದ ಒಳಗೆ ಮಾತ್ರ ಒಂದೇ ಪದವನ್ನು ಬಳಸಿ. ಮೊದಲ ಹೆಜ್ಜೆಯಲ್ಲಿ ಕೂಡಿಸಿದ ಪ್ರಶ್ನೆಗಳಿಂದ ಈ ಪದಗಳನ್ನು ಆರಿಸಿಕೊಳ್ಳಿ.

ಅಕಾರಾದಿ ಕ್ರಮವನ್ನು ಕಂಪ್ಯೂಟರ್‌ಗೆ ಪೂರ್ತಿ ಬಿಡಬೇಡಿ. ಯೂನಿಕೋಡ್‌ನಲ್ಲಿ ಳ ಅಕ್ಷರದ ಸಂಖ್ಯೆ ಲ ನಂತರ, ವ ಮೊದಲು ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯದು. ಬರೀ ಸಂಖ್ಯೆ ನೋಡಿ ಜೋಡಿಸಿದರೆ ತಾರ, ತಾಳ, ತಾವು ಅಂತ ಬರುತ್ತದೆ. ನಿಘಂಟು ನೋಡಿ ಅಭ್ಯಾಸ ಇರುವವರು ತಾಳವನ್ನು ಹುಡುಕುವುದು ತಾವು ಆದ ಮೇಲೆ. ಸಂಗೀತದ ಕೈಪಿಡಿಯಲ್ಲಿ ತಾಳ ಸಿಗದೇ ಹೋದರೆ ಹೇಗೆ?

ಇನ್ನೊಂದು ಕಣ್ಣಿಗೆ ಕಾಣದ ತೊಂದರೆ. ಮ್ಯೂಸ್‌ಸ್ಕೋರ್, ಸಾಫ್ಟ್‌ವೇರ್ ಇಂಥ ಪದಗಳಲ್ಲಿ ಒತ್ತು ಬೀಳದಿರಲಿ ಅಂತ ನಡುವೆ ಕಾಣದ ಒಂದು ಅಕ್ಷರ ಸೇರಿರುತ್ತದೆ. ಓದುಗರು ಅದನ್ನು ಹಾಕದೆ ಟೈಪ್ ಮಾಡಿದರೆ ಹುಡುಕಾಟದಲ್ಲಿ ಏನೂ ಸಿಗುವುದಿಲ್ಲ. ಹುಡುಕುವ ಪಟ್ಟಿ ತಯಾರಿಸುವಾಗ ಆ ಅಕ್ಷರವನ್ನು ಎರಡೂ ಕಡೆ ತೆಗೆದು ಹೋಲಿಸುವಂತೆ ಕಂಪ್ಯೂಟರ್ ಬಲ್ಲವರಿಗೆ ಹೇಳಿ. ಪಿಡಿಎಫ್‌ನಲ್ಲಿ ಕನ್ನಡ ಹುಡುಕಾಟ ಹಲವು ಸಲ ಕೈಕೊಡುತ್ತದೆ, ಹಾಗಾಗಿ ಜಾಲಪುಟದ ರೂಪವೂ ಇರಲೇಬೇಕು.

ಹೆಜ್ಜೆ 8: ಒಂದು ಮೂಲ, ಹಲವು ರೂಪ

ಲಿಲಿಪಾಂಡ್‌ನವರು ಟೆಕ್‌ಇನ್ಫೋ ಬಳಸುತ್ತಾರೆ. ಒಂದೇ ಮೂಲದಿಂದ ಜಾಲಪುಟವೂ ಪಿಡಿಎಫ್ಫೂ ಬರುತ್ತವೆ. ಸಣ್ಣ ಗುಂಪಿಗೆ ಮಾರ್ಕ್‌ಡೌನ್ ಸುಲಭ. ಪುಟಕ್ಕೊಂದು ಕಡತ, ಕಡತದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಹೆಸರಿನಲ್ಲಿ ಅಧ್ಯಾಯದ ಸಂಖ್ಯೆ ಬೇಡ. ಸಂಖ್ಯೆ ಹಾಕಿದರೆ ನಡುವೆ ಒಂದು ಪುಟ ಸೇರಿಸಿದ ಕೂಡಲೇ ಎಲ್ಲವನ್ನೂ ಬದಲಿಸಬೇಕಾಗುತ್ತದೆ.

ಹಳ್ಳಿಯ ಮಾಸ್ತರರಿಗೆ ನೆಟ್‌ವರ್ಕ್ ಯಾವಾಗಲೂ ಇರುವುದಿಲ್ಲ. ಇಡೀ ಕೈಪಿಡಿ ಪೆನ್‌ಡ್ರೈವ್‌ನಲ್ಲಿ ಹೋಗುವಂತಿರಲಿ. ಮೊಬೈಲ್‌ನಲ್ಲಿ ಓದುವವರೇ ಜಾಸ್ತಿ, ಅಗಲವಾದ ಕೋಷ್ಟಕಗಳನ್ನು ಎರಡು ಅಂಕಣಕ್ಕೆ ಇಳಿಸಿ.

ಹೆಜ್ಜೆ 9: ಓದುಗರ ಪಕ್ಕದಲ್ಲಿ ಕೂತು ನೋಡಿ

ಕೈಪಿಡಿಯನ್ನೇ ನೋಡದ ಒಬ್ಬ ಮಾಸ್ತರರನ್ನು ಕರೆಯಿರಿ. ‘ಗುರುಗಳೇ, ಈ ಧಾಟಿ ಬರೆದು ತೋರಿಸ್ರಿ’ ಅಂತ ಕೆಲಸ ಕೊಟ್ಟು, ಬಾಯಿ ಮುಚ್ಚಿ ಪಕ್ಕದಲ್ಲಿ ಕೂರಿ. ಸಹಾಯ ಮಾಡಬೇಡಿ, ಇದೇ ಕಷ್ಟದ ಭಾಗ. ಅವರು ಎಲ್ಲಿ ನಿಂತರು, ಯಾವ ಪದ ಹುಡುಕಿದರು, ಯಾವ ಪುಟದಿಂದ ವಾಪಸ್ ಬಂದರು ಅಂತ ಬರೆದುಕೊಳ್ಳಿ. ಅವರು ಹುಡುಕಿದ ಪದ ಸೂಚಿಯಲ್ಲಿ ಇಲ್ಲದಿದ್ದರೆ ಅದೇ ಸಂಜೆ ಸೇರಿಸಿ. ತಪ್ಪು ಅವರದ್ದು ಅಂತ ಅನಿಸಿದಾಗಲೂ ತಿದ್ದಬೇಕಾದ್ದು ಪುಟವನ್ನೇ. ಕ್ವಾಯರ್‌ನವರೊಬ್ಬರು, ಡಿಟಿಪಿ ಅಂಗಡಿಯವರೊಬ್ಬರು ಕೂಡ ತಮ್ಮ ಬಾಗಿಲಿನಿಂದ ಒಳಗೆ ಬಂದು ನೋಡಲಿ.

ಹೆಜ್ಜೆ 10: ಮೂಲ ಬದಲಾದಾಗ

ಇಂಗ್ಲಿಷ್ ಕೈಪಿಡಿಯ ಯಾವುದಾದರೂ ಭಾಗವನ್ನು ಕನ್ನಡಕ್ಕೆ ತಂದರೆ, ಯಾವ ದಿನದ ಮೂಲ ಎಂಬುದನ್ನು ಕಡತದ ತಲೆಯಲ್ಲೇ ಬರೆಯಿರಿ. ಲಿಲಿಪಾಂಡ್‌ನ ಅನುವಾದಕರು ಪ್ರತಿ ಕಡತದ ಮೇಲೆ ಮೂಲದ ಗಿಟ್ (ಬದಲಾವಣೆಗಳ ದಾಖಲೆ ಇಡುವ ಸಾಧನ) ಗುರುತನ್ನು ಹಾಕುತ್ತಾರೆ. ಆಮೇಲೆ ಮೂಲದಲ್ಲಿ ಏನು ಬದಲಾಗಿದೆ ಅಂತ ಅಷ್ಟನ್ನೇ ಹೋಲಿಸಿ ನೋಡಬಹುದು, ಇಡೀ ಅಧ್ಯಾಯ ಮತ್ತೆ ಓದಬೇಕಿಲ್ಲ. ಆ ಕೈಪಿಡಿಗಳು ಗ್ನೂ ಮುಕ್ತ ದಾಖಲೆ ಪರವಾನಗಿಯಲ್ಲಿವೆ. ಅನುವಾದವನ್ನೂ ಅದೇ ಪರವಾನಗಿಯಲ್ಲಿ ಕೊಡಬೇಕು, ಮೂಲದವರ ಹೆಸರು ಉಳಿಸಬೇಕು.

ಹೊಸ ಸ್ಥಿರ ಆವೃತ್ತಿ ಬಂದಾಗ ಕೆಲಸ ಈ ಕ್ರಮದಲ್ಲಿ ನಡೆಯಲಿ: ಮೊದಲು ಎಲ್ಲ ಉದಾಹರಣೆ ಕಡತಗಳನ್ನು ಓಡಿಸಿ, ಓಡದೆ ನಿಂತವನ್ನು ಸರಿಪಡಿಸಿ, ಆ ಉದಾಹರಣೆ ಇರುವ ಪುಟಗಳನ್ನು ಓದಿ, ಕೊನೆಗೆ ಮೊದಲ ಪಾಠವನ್ನು ಹೊಸ ಕಂಪ್ಯೂಟರ್‌ನಲ್ಲಿ ಆರಂಭದಿಂದ ಮಾಡಿ ನೋಡಿ. ಅದು ಮುಗಿದ ಮೇಲೆ ಮುಖಪುಟದಲ್ಲಿ ಆವೃತ್ತಿ ಸಂಖ್ಯೆ ಬದಲಿಸಿ. ಹಳೆಯ ಕೈಪಿಡಿಯನ್ನು ಅಳಿಸಬೇಡಿ, ಹಳೆಯ ಕಂಪ್ಯೂಟರ್ ಇರುವವರಿಗೆ ಅದು ಬೇಕಾಗುತ್ತದೆ.